ಒಂದು ಆತ್ಮಕಥೆ, ಒಂದು ಸುಳ್ಳು

ನಮ್ಮ ಸಂಘದ ಗ್ರಂಥಾಲಯದಲ್ಲಿ ವರ್ಷಕ್ಕೊಂದು ಭಾನುವಾರ ಹಳೆಯ ಪುಸ್ತಕಗಳನ್ನು ಬೇರ್ಪಡಿಸುವ ಕೆಲಸ ನಡೆಯುತ್ತದೆ. ಗೆದ್ದಲು ಹಿಡಿದದ್ದು, ಪುಟ ಕಳಚಿದ್ದು, ಹತ್ತು ವರ್ಷಗಳಿಂದ ಯಾರ ಕೈಯೂ ಮುಟ್ಟದ್ದು, ಎಲ್ಲ ರದ್ದಿಗೆ. ಈ ಸಲ ಆ ರಾಶಿಯಲ್ಲಿ ರಟ್ಟು ಗಟ್ಟಿಯಾಗಿ ಇನ್ನೂ ಹೊಸದರಂತಿದ್ದ ಒಂದು ಇಂಗ್ಲಿಷ್ ಪುಸ್ತಕ ಕಂಡಿತು. ಆಸ್ಟ್ರೇಲಿಯದ ಈಜುಗಾರ ಇಯಾನ್ ಥೋರ್ಪ್‌ನ ಆತ್ಮಕಥೆ 'ದಿಸ್ ಈಸ್ ಮಿ'. ಸದಸ್ಯರೊಬ್ಬರು ಮಗನ ಮನೆಗೆಂದು ಸಿಡ್ನಿಗೆ ಹೋದಾಗ ಕೊಂಡು ತಂದು ಗ್ರಂಥಾಲಯಕ್ಕೆ ಕೊಟ್ಟದ್ದು.

"ಇದನ್ನೇಕೆ ಇಲ್ಲಿ ಹಾಕಿದಿರಿ, ರಾಯರೆ?" ಎಂದು ಕೇಳಿದೆ.

ರಾಯರು ಬ್ಯಾಂಕಿನ ಲೆಕ್ಕ ತಪಾಸಣೆ ವಿಭಾಗದಿಂದ ನಿವೃತ್ತರಾದವರು. ಗ್ರಂಥಾಲಯವನ್ನು ಹದಿನೈದು ವರ್ಷಗಳಿಂದ ಕಾಯುತ್ತಿರುವವರು. "ಸುಳ್ಳು ಪುಸ್ತಕ ಕಣ್ರೀ ಅದು" ಎಂದರು. "ಮುಖಪುಟದ ಮೇಲೆ 'ಇದೇ ನಾನು' ಅಂತ ಹೆಸರು. ಒಳಗೆ 'ಜನ ಅಂದುಕೊಂಡ ಹಾಗೆ ನಾನಲ್ಲ' ಅಂತ ಪ್ರಮಾಣ. ಎರಡು ವರ್ಷ ಕಳೆಯುವುದರೊಳಗೆ ಟಿ.ವಿ.ಯಲ್ಲಿ ಕೂತು 'ಜನ ಅಂದುಕೊಂಡದ್ದೇ ಸರಿ' ಅಂದ. ಲೆಡ್ಜರಿನಲ್ಲಿ ಒಂದು ಸುಳ್ಳು ನಮೂದು ಸಿಕ್ಕಿದರೆ ನಾವು ಇಡೀ ಲೆಡ್ಜರನ್ನೇ ಅನುಮಾನದಿಂದ ನೋಡುತ್ತಿದ್ದೆವು. ಇದಕ್ಕೇನು ಬೇರೆ ನ್ಯಾಯವೆ?"

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಲೋಕಲ್ ರೈಲಿನಲ್ಲಿ ಹೋಗಿ ಬರುತ್ತ ಒಂದು ವಾರ ಓದಿದೆ. ಕೆಲವು ಭಾಗಗಳನ್ನು ಎರಡು ಸಲ ಓದಿದೆ. ರಾಯರಿಗೆ ಅಂದೇ ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಅವರಿಗೆ ಒಪ್ಪಿಗೆಯಾದೀತೆಂಬ ಭರವಸೆ ಬರೆಯಲು ಕೂತಾಗ ಇರಲಿಲ್ಲ.

ಥೋರ್ಪ್ ಯಾರೆಂದು ಮರೆತವರಿಗೆ ಎರಡು ಮಾತು. ಹುಟ್ಟಿದ್ದು 1982ರ ಅಕ್ಟೋಬರ್ 13ರಂದು, ಸಿಡ್ನಿಯಲ್ಲಿ. ತಂದೆಗೆ ಕ್ರಿಕೆಟ್ ಚೆನ್ನಾಗಿ ಬರುತ್ತಿತ್ತು, ಮಗನಿಗೆ ಒಗ್ಗಲಿಲ್ಲ. ಅಕ್ಕ ಈಜಲು ಹೋಗುತ್ತಿದ್ದಳೆಂದು ತಮ್ಮನೂ ಕೊಳಕ್ಕಿಳಿದ. ಇಳಿದವನಿಗೆ ಕ್ಲೋರಿನ್ ಆಗದು! ಮೈಗೆ ಒಗ್ಗದ ನೀರಿನಿಂದ ಮುಖವನ್ನು ಮೇಲೆತ್ತಿಕೊಂಡೇ ಈಜುತ್ತಿದ್ದನಂತೆ. ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಸಿಕೊಂಡು ಬಾವಿಗೆ ಬಿದ್ದು ಕಲಿತ ನಮ್ಮಂಥವರಿಗೆ ತಲೆಯೆತ್ತಿ ಈಜುವುದು ಹೊಸದೇನಲ್ಲ. ಆದರೆ ಹಾಗೆ ಈಜಿದ ಹುಡುಗ ಮುಂದೆ ಜಗತ್ತನ್ನೇ ಹಿಂದೆ ಹಾಕಿದನೆಂದರೆ ಅದು ಬೇರೆ ಮಾತು. 1998ರ ಜನವರಿಯಲ್ಲಿ ಪರ್ತ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಹದಿನೈದು ವರ್ಷ ತುಂಬಿ ಮೂರೇ ತಿಂಗಳಾಗಿದ್ದಾಗ, 400 ಮೀಟರ್ ಫ್ರೀಸ್ಟೈಲ್ ಗೆದ್ದ. ಕೊನೆಯವರೆಗೂ ಮುಂದಿದ್ದ ತನ್ನದೇ ದೇಶದ ಗ್ರಾಂಟ್ ಹ್ಯಾಕೆಟ್‌ನನ್ನು ಗೋಡೆ ಮುಟ್ಟುವ ಹೊತ್ತಿಗೆ ದಾಟಿದ. ಗಂಡಸರ ಈಜಿನಲ್ಲಿ ಅಷ್ಟು ಕಿರಿಯ ವಿಶ್ವ ಚಾಂಪಿಯನ್ ಅದುವರೆಗೆ ಆಗಿರಲಿಲ್ಲ.

ಎರಡೂವರೆ ವರ್ಷಗಳ ಬಳಿಕ ಸಿಡ್ನಿಯಲ್ಲಿಯೇ ಒಲಿಂಪಿಕ್ಸ್. 2000ದ ಸೆಪ್ಟೆಂಬರ್ 16ರ ಸಂಜೆ, ಹುಟ್ಟಿದೂರಿನ ಜನರೆದುರು, 400 ಮೀಟರನ್ನು 3 ನಿಮಿಷ 40.59 ಸೆಕೆಂಡುಗಳಲ್ಲಿ ಈಜಿ ತನ್ನ ವಿಶ್ವದಾಖಲೆಯನ್ನು ತಾನೇ ಮುರಿದ. ಅದೇ ಸಂಜೆ 4×100 ಮೀಟರ್ ರಿಲೇ. ಆ ಸ್ಪರ್ಧೆಯನ್ನು ಒಲಿಂಪಿಕ್ಸ್‌ನಲ್ಲಿ ನಡೆಸಿದ ಪ್ರತಿ ಸಲವೂ ಅಮೆರಿಕನ್ನರೇ ಗೆದ್ದಿದ್ದರು. ಅವರ ಗ್ಯಾರಿ ಹಾಲ್, ಆಸ್ಟ್ರೇಲಿಯದವರನ್ನು ಗಿಟಾರ್ ಒಡೆದ ಹಾಗೆ ಒಡೆಯುತ್ತೇವೆಂದು ಮೊದಲೇ ಹೇಳಿಕೊಂಡಿದ್ದ. ಕೊನೆಯ 50 ಮೀಟರಿಗೆ ತಿರುಗಿದಾಗ ಹಾಲ್ ಮುಂದೆ, ಥೋರ್ಪ್ ಹಿಂದೆ. ಗೋಡೆ ಮುಟ್ಟಿದಾಗ ಥೋರ್ಪ್ ಮುಂದೆ. ಗೆದ್ದ ನಾಲ್ವರೂ ಕೊಳದ ದಂಡೆಯ ಮೇಲೆ ಇಲ್ಲದ ಗಿಟಾರ್ ನುಡಿಸಿದ್ದನ್ನು ನಮ್ಮಲ್ಲೂ ಬಹಳ ಜನ ದೂರದರ್ಶನದಲ್ಲಿ ಕಂಡಿದ್ದಾರೆ. ಎರಡು ದಿನಗಳ ನಂತರ 200 ಮೀಟರಿನಲ್ಲಿ ಹಾಲೆಂಡಿನ ಪೀಟರ್ ವ್ಯಾನ್ ಡೆನ್ ಹೂಗೆನ್‌ಬ್ಯಾಂಡ್ ಅವನನ್ನು ಸೋಲಿಸಿದ. ಹದಿನೇಳು ವರ್ಷದ ಹುಡುಗ ಅಂದು ಎರಡನೆಯವನಾದದ್ದೇ ಒಂದು ದೇಶದ ಪಾಲಿಗೆ ಸೂತಕದಂತಾಯಿತು ಎಂಬಲ್ಲಿಗೆ ಅವನ ಮೇಲೆ ಎಷ್ಟು ಭಾರ ಕೂತಿತ್ತೆಂದು ಊಹಿಸಬಹುದು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 2001ರಲ್ಲಿ ಜಪಾನಿನ ಫುಕುವೋಕದಲ್ಲಿ ಒಂದೇ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆರು ಚಿನ್ನ. 2002ರಲ್ಲಿ ಮ್ಯಾಂಚೆಸ್ಟರಿನಲ್ಲಿ 400 ಮೀಟರಿಗೆ 3 ನಿಮಿಷ 40.08 ಸೆಕೆಂಡು. ಈ ದಾಖಲೆಯನ್ನು 2009ರಲ್ಲಿ ಜರ್ಮನಿಯ ಪಾಲ್ ಬೀಡರ್ಮನ್ ಮುರಿದದ್ದು ಒಂದು ಸೆಕೆಂಡಿನ ನೂರನೆಯ ಒಂದು ಪಾಲಿನಿಂದ. ಅದೂ ಮರುವರ್ಷವೇ ನಿಷೇಧಕ್ಕೊಳಗಾದ ರಬ್ಬರಿನಂಥ ಉಡುಪು ತೊಟ್ಟು. ಮೂರು ನಿಮಿಷ ನಲವತ್ತು ಸೆಕೆಂಡಿನ ಗೆರೆಯ ಆಚೆಗೆ ಒಬ್ಬ ಮನುಷ್ಯ ಕಾಲಿಡಲು 2025ರ ಏಪ್ರಿಲ್ ಬರಬೇಕಾಯಿತು; ಅವನೂ ಜರ್ಮನಿಯವನೇ, ಲೂಕಾಸ್ ಮೇರ್ಟೆನ್ಸ್. 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಮುನ್ನ ಆಯ್ಕೆಯ ಸ್ಪರ್ಧೆಯಲ್ಲಿ ಥೋರ್ಪ್ ಆಯ ತಪ್ಪಿ ಕಟ್ಟೆಯಿಂದ ನೀರಿಗೆ ಬಿದ್ದು ಅನರ್ಹನಾದ. ಅರ್ಹತೆ ಪಡೆದಿದ್ದ ಕ್ರೇಗ್ ಸ್ಟೀವನ್ಸ್ ತನ್ನ ಸ್ಥಾನವನ್ನು ಬಿಟ್ಟುಕೊಟ್ಟ. ಹಾಗೆ ಸಿಕ್ಕ ಸ್ಥಾನದಲ್ಲಿ ಥೋರ್ಪ್ ಚಿನ್ನ ಗೆದ್ದ. 200 ಮೀಟರಿನಲ್ಲಿ ಹೂಗೆನ್‌ಬ್ಯಾಂಡ್‌ನನ್ನೂ ಮೈಕೆಲ್ ಫೆಲ್ಪ್ಸ್‌ನನ್ನೂ ಹಿಂದೆ ಹಾಕಿ ಹಳೆಯ ಸಾಲ ತೀರಿಸಿದ. ಎರಡು ಒಲಿಂಪಿಕ್ಸ್ ಸೇರಿ ಐದು ಚಿನ್ನ, ಮೂರು ಬೆಳ್ಳಿ, ಒಂದು ಕಂಚು. 2006ರ ನವೆಂಬರಿನಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿಗೆ, ಸಾಕೆಂದು ಹೇಳಿ ನೀರಿನಿಂದ ಎದ್ದುಬಂದ.

ಎದ್ದವನು 2011ರಲ್ಲಿ ಮತ್ತೆ ಇಳಿದ. ಪುಸ್ತಕ ಹುಟ್ಟಿದ್ದು ಈ ಎರಡನೆಯ ಇಳಿತದಲ್ಲಿ. ಸ್ವಿಟ್ಜರ್‌ಲೆಂಡಿನಲ್ಲಿ ರಷ್ಯನ್ ತರಬೇತುದಾರ ಗೆನ್ನಡಿ ತುರೆಟ್‌ಸ್ಕಿಯ ಕೈಕೆಳಗೆ ಅಭ್ಯಾಸ. ಗುರಿ 2012ರ ಲಂಡನ್ ಒಲಿಂಪಿಕ್ಸ್. ಆದರೆ ಆ ವರ್ಷದ ಮಾರ್ಚ್‌ನಲ್ಲಿ ಅಡಿಲೇಡಿನ ಆಯ್ಕೆ ಸ್ಪರ್ಧೆಯಲ್ಲಿ 200 ಮೀಟರಿನಲ್ಲೂ 100 ಮೀಟರಿನಲ್ಲೂ ಅಂತಿಮ ಸುತ್ತಿಗೇ ಬರಲಾಗಲಿಲ್ಲ. ಪುಸ್ತಕ ಹೊರಬಂದದ್ದು ಅದೇ ವರ್ಷದ ಕೊನೆಯಲ್ಲಿ. ಪತ್ರಕರ್ತ ರಾಬರ್ಟ್ ವೈನ್‌ರೈಟ್ ಸಹಲೇಖಕ.

ಕ್ರೀಡಾಪಟುಗಳ ಆತ್ಮಕಥೆಯೆಂದರೆ ನಮ್ಮ ವಾಚಕರಿಗೆ ಒಂದು ಕಲ್ಪನೆ ಇದೆ. ಗಾವಸ್ಕರರ 'ಸನ್ನಿ ಡೇಸ್' 1976ರಲ್ಲಿ ಬಂದಾಗ, ಮರುವರ್ಷ ನಮ್ಮ ಪ್ರಸನ್ನರ 'ಒನ್ ಮೋರ್ ಓವರ್' ಬಂದಾಗ, ನಾವು ಅವುಗಳಲ್ಲಿ ಹುಡುಕಿದ್ದು ಯಾರ ಮೇಲೆ ಯಾರಿಗೆ ಕೋಪ, ಯಾರನ್ನು ಯಾರು ತಂಡದಿಂದ ಬಿಡಿಸಿದರು ಎಂಬುದನ್ನು. ಅಂಥ ಪುಸ್ತಕಗಳಲ್ಲಿ ಆಟಗಾರ ಹೊರಗಿನವರ ಲೆಕ್ಕ ಚುಕ್ತಾ ಮಾಡುತ್ತಾನೆ. ಥೋರ್ಪ್‌ನ ಪುಸ್ತಕದ ಜಾತಿ ಬೇರೆ. ಇಲ್ಲಿ ಎದುರಾಳಿಗಳ ಮೇಲೆ ಅಂಥ ದ್ವೇಷವಿಲ್ಲ. ಮರಳಿ ನೀರಿಗಿಳಿದ ದಿನಗಳ ಕಥೆಯೂ ಹಿಂದಿನ ಗೆಲುವುಗಳ ಕಥೆಯೂ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಒಂದು ಕಾಲಕ್ಕೆ ಮೈಗೆ ತಾನಾಗಿ ಒದಗುತ್ತಿದ್ದದ್ದನ್ನು ಇಪ್ಪತ್ತೆಂಟು ಇಪ್ಪತ್ತೊಂಬತ್ತರ ಮೈ ಕಷ್ಟಪಟ್ಟು ನೆನಪಿಸಿಕೊಳ್ಳಬೇಕಾದ ಸ್ಥಿತಿ ಅದು. ಅಭ್ಯಾಸದ ಏಕತಾನತೆಯನ್ನು ಹೇಳುವಾಗ ಬರವಣಿಗೆಯೂ ಕೆಲವೆಡೆ ಏಕತಾನವಾಗಿದೆ ಎಂಬುದು ನಿಜ. ಜಾಹೀರಾತಿನವರಿಗೆ, ಪ್ರಾಯೋಜಕರಿಗೆ ಮಾತಾಡಿ ಅಭ್ಯಾಸವಾದ ನುಣುಪು ನಾಲಿಗೆ ಅಲ್ಲಲ್ಲಿ ಇಣುಕುತ್ತದೆ. ಆ ಪುಟಗಳನ್ನು ನಾನು ಹಾರಿಸಿದೆ. ನೀವೂ ಹಾರಿಸಿದರೆ ನಷ್ಟವಿಲ್ಲ.

ಪುಸ್ತಕದ ಜೀವ ಇರುವುದು ಖಿನ್ನತೆಯ ಪುಟಗಳಲ್ಲಿ. ಹದಿಹರೆಯದಿಂದಲೇ ಅಂಟಿಕೊಂಡ ರೋಗ, ಗೆಲುವಿನ ಉಚ್ಛ್ರಾಯದಲ್ಲೂ ಬಿಡದ ಕತ್ತಲೆ, ಮುಚ್ಚಿದ ಬಾಗಿಲ ಹಿಂದೆ ಒಬ್ಬನೇ ಕೂತು ಕುಡಿದ ರಾತ್ರಿಗಳು, ಸಾಯುವ ಯೋಚನೆ, ಇದಾವುದನ್ನೂ ಹೆತ್ತವರಿಗೆ ಹೇಳಲಾಗದ ಸಂಕಟ. ಇದೆಲ್ಲ ಅಂದಿನ ಓದುಗರಿಗೆ ಹೊಸ ಸುದ್ದಿ. ನಾವು ಗಿಟಾರಿನ ಅಣಕ ಕಂಡು ನಕ್ಕ ಆ ಹುಡುಗ ಕೆಲವೇ ವರ್ಷಗಳಲ್ಲಿ, ಮತ್ತೆರಡು ಒಲಿಂಪಿಕ್ ಚಿನ್ನ ಗೆಲ್ಲುವ ಹೊತ್ತಿಗೆ, ಇಂಥ ರಾತ್ರಿಗಳನ್ನು ಕಳೆಯುತ್ತಿದ್ದ ಎಂದು ತಿಳಿದಾಗ ಪದಕಗಳ ಪಟ್ಟಿಯೇ ಬೇರೆ ಬಣ್ಣದಲ್ಲಿ ಕಾಣುತ್ತದೆ. ಬಲಿಷ್ಠನೆನಿಸಿಕೊಂಡ ಗಂಡಸು ತನ್ನ ಮನೋರೋಗವನ್ನು ಹೀಗೆ ಬಯಲಿಗಿಡುವುದು 2012ರಲ್ಲೂ ಸುಲಭವಾಗಿರಲಿಲ್ಲ. ನಮ್ಮ ಮನೆಗಳಲ್ಲಿ ಇಂದಿಗೂ ಸುಲಭವಲ್ಲ. 'ತಲೆ ಕೆಟ್ಟಿದೆ' ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸುವವರು ನಾವು.

ಇಂಥ ಪುಸ್ತಕದಲ್ಲಿ, ಇಷ್ಟನ್ನು ಹೇಳಿಕೊಂಡ ಮನುಷ್ಯ, ತಾನು ಸಲಿಂಗಕಾಮಿಯಲ್ಲವೆಂದು ಖಂಡಿತವಾಗಿ ಹೇಳುತ್ತಾನೆ. ಹೆಂಗಸರೊಡನೆ ಮಾತ್ರ ತನ್ನ ಸಂಬಂಧವೆಂದೂ ಸೇರಿಸುತ್ತಾನೆ. 2014ರ ಜುಲೈ 13ರಂದು ಆಸ್ಟ್ರೇಲಿಯದಲ್ಲಿ ಪ್ರಸಾರವಾದ ಸಂದರ್ಶನದಲ್ಲಿ ಮೈಕೆಲ್ ಪಾರ್ಕಿನ್ಸನ್ ಎದುರು ಕೂತು, ಅದು ಸುಳ್ಳಾಗಿತ್ತೆಂದು ಒಪ್ಪಿಕೊಂಡ. ತಂದೆತಾಯಿಗೂ ಹತ್ತಿರದವರಿಗೂ ಹೇಳಿ ಆಗ ಕೆಲವೇ ದಿನಗಳಾಗಿದ್ದವು.

ಇಲ್ಲಿಗೆ ರಾಯರ ವಾದಕ್ಕೆ ಬಂದೆವು. ಅವರ ವಾದವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕಾದಂಬರಿಕಾರ ಸುಳ್ಳು ಹೇಳುವುದಿಲ್ಲ, ಏಕೆಂದರೆ ಅವನು ನಿಜವೆಂದು ಪ್ರಮಾಣ ಮಾಡಿರುವುದಿಲ್ಲ. ಆತ್ಮಕಥೆ ಬರೆಯುವವನು ಮಾಡಿರುತ್ತಾನೆ. ಆ ಒಪ್ಪಂದದ ಮೇಲೆಯೇ ಓದುಗ ಹಣ ಕೊಟ್ಟು ಪುಸ್ತಕ ಕೊಳ್ಳುತ್ತಾನೆ. ಎಪ್ಪತ್ತರ ದಶಕದ ಕನ್ನಡ ವಿಮರ್ಶೆ ಓದಿ ಬೆಳೆದ ನನ್ನಂಥವರಿಗಂತೂ 'ಅನುಭವದ ಪ್ರಾಮಾಣಿಕತೆ' ಎಂಬುದು ಮಗ್ಗಿಯಂತೆ ಬಾಯಿಗೆ ಬಂದ ಮಾತು. ಕವಿತೆಯೋ ಕಥೆಯೋ, ಮೊದಲು ಅದನ್ನು ಒರೆಗೆ ಹಚ್ಚುತ್ತಿದ್ದುದು ಆ ಕಲ್ಲಿಗೆ. ಪ್ರಾಮಾಣಿಕವೆನಿಸಿದರೆ ಹೊರಮೈಯ ದೋಷಗಳೆಲ್ಲ ಮಾಫಿ. ಅಪ್ರಾಮಾಣಿಕವೆನಿಸಿದರೆ ಎಷ್ಟು ಚಂದವಿದ್ದರೂ ಹೊರಗೆ. ಆ ಕಲ್ಲಿಗೆ ಈ ಪುಸ್ತಕವನ್ನು ಉಜ್ಜಿದರೆ ಅರ್ಧ ಬಂಗಾರ, ಅರ್ಧ ಹಿತ್ತಾಳೆ. ಕಲ್ಲು ಏನು ಹೇಳಬೇಕು?

ಮೊದಲು ನನಗೆ ಹೊಳೆದ ಉತ್ತರ ಇದು: ಸುಳ್ಳಿನ ಗದ್ಯವೇ ಬೇರೆ, ನಿಜದ ಗದ್ಯವೇ ಬೇರೆ. ಖಿನ್ನತೆಯ ಪುಟಗಳಲ್ಲಿ ವಾಕ್ಯಗಳು ತಡವರಿಸುತ್ತವೆ. ಹೇಳಿದ್ದನ್ನು ಮತ್ತೊಂದು ಬಗೆಯಲ್ಲಿ ಹೇಳಲು ಹೋಗುತ್ತವೆ. ನಿರಾಕರಣೆಯ ಸಾಲುಗಳಲ್ಲಿ ಅಂಥ ತಡವರಿಕೆಯಿಲ್ಲ. ಕಟಕಟೆಯಲ್ಲಿ ನಿಂತು ದಾಖಲಿಸಿಕೊಳ್ಳಿ ಎನ್ನುವ ಸಾಕ್ಷಿಯ ಧಾಟಿ ಅಲ್ಲಿದೆ. ಹೀಗೆ ಬರವಣಿಗೆಯೇ ತನ್ನೊಳಗಿನ ಸುಳ್ಳನ್ನು ಬಿಟ್ಟುಕೊಡುತ್ತದೆ, ಆದ್ದರಿಂದ ಪುಸ್ತಕ ಕೊನೆಗೂ ಪ್ರಾಮಾಣಿಕ. ಇಷ್ಟನ್ನು ಬರೆದು ಮುಗಿಸಿ ತೃಪ್ತಿಯಿಂದ ಚಹ ಕುಡಿಯುತ್ತಿದ್ದಾಗ ಅನುಮಾನ ಬಂತು. ನಾನು ಈ ಪುಸ್ತಕ ಓದಿದ್ದು 2014ರ ಸಂದರ್ಶನ ಆಗಿ ಎಷ್ಟೋ ವರ್ಷಗಳ ಮೇಲೆ. 2012ರಲ್ಲೇ ಓದಿದ್ದರೆ ಈ ಧಾಟಿಯ ವ್ಯತ್ಯಾಸ ನನ್ನ ಕಿವಿಗೆ ಬೀಳುತ್ತಿತ್ತೆ? ಖಂಡಿತ ಇಲ್ಲ. ಸ್ಪಷ್ಟವಾಗಿ, ನೇರವಾಗಿ ಹೇಳಿದ್ದಾನೆಂದು ಮೆಚ್ಚುತ್ತಿದ್ದೆ. ಅಲ್ಲದೆ ಪುಸ್ತಕದ ವಾಕ್ಯಗಳಲ್ಲಿ ಎಷ್ಟು ಥೋರ್ಪ್‌ನವು, ಎಷ್ಟು ಸಹಲೇಖಕನವು ಎಂದು ಓದುಗ ಹೇಗೆ ಬೇರ್ಪಡಿಸಬೇಕು? ಕಳ್ಳ ಸಿಕ್ಕಿದ ಮೇಲೆ ಅವನ ಮುಖದಲ್ಲಿ ಕಳ್ಳಕಳೆ ಕಾಣುವುದು ವಿಮರ್ಶೆಯಲ್ಲ. ಹಾಗಾಗಿ ಆ ಉತ್ತರವನ್ನು ಹೊಡೆದು ಹಾಕುತ್ತೇನೆ. ಅಚ್ಚಿನಲ್ಲಿ ಉಳಿಸಿದ್ದು, ಇಂಥ ಜಾಣತನ ನಮ್ಮ ವಿಮರ್ಶೆಯಲ್ಲಿ ಬಹಳ ಇದೆ ಎಂಬ ಕಾರಣಕ್ಕೆ.

ಎರಡನೆಯ ದಾರಿ, ಸುಳ್ಳು ಎಲ್ಲಿಂದ ಬಂತೆಂದು ನೋಡುವುದು. ಅವನೇ ಸಂದರ್ಶನದಲ್ಲಿ ತಿಳಿಸಿದಂತೆ ಈ ಪ್ರಶ್ನೆಯನ್ನು ಪತ್ರಕರ್ತರು ಅವನಿಗೆ ಮೊದಲು ಕೇಳಿದಾಗ ವಯಸ್ಸು ಸುಮಾರು ಹದಿನಾರು. ಹದಿನಾರರ ಹುಡುಗನನ್ನು, ಅವನು ವೇಗವಾಗಿ ಈಜುತ್ತಾನೆಂಬ ಒಂದೇ ಕಾರಣಕ್ಕೆ, ನಿನ್ನ ಮನಸ್ಸು ಹೆಣ್ಣಿನ ಕಡೆಗೋ ಗಂಡಿನ ಕಡೆಗೋ ಎಂದು ದೊಡ್ಡವರು ಕೇಳಿದರು! ಮಾತಿನಲ್ಲಿ ಮೃದು, ಬಟ್ಟೆಬರೆಯಲ್ಲಿ ಆಸಕ್ತಿ, ಅಷ್ಟು ಸಾಕಾಯಿತು. ಹುಡುಗ ಅಲ್ಲವೆಂದ. ನಮ್ಮ ನಿಮ್ಮ ಮನೆಯ ಹದಿನಾರರ ಹುಡುಗ ಬೇರೇನು ಹೇಳಿಯಾನು? ಅಂದಿನಿಂದ ಪ್ರತಿ ಸಂದರ್ಶನದಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. ಪ್ರತಿ ಉತ್ತರವೂ ಹಿಂದಿನದಕ್ಕೆ ಜಾಮೀನು. ಮುಂದೆ ಅಸಲು ಸಂಗತಿಗಿಂತ ಜಾಮೀನಿನ ಭಾರವೇ ಹೆಚ್ಚಾಯಿತು: ಈಗ ನಿಜ ಹೇಳಿದರೆ 'ಇಷ್ಟು ವರ್ಷ ಸುಳ್ಳು ಹೇಳಿದೆಯಲ್ಲ' ಎನ್ನುವವರಿಗೆ ಉತ್ತರವೇನು? ತನ್ನ ಮಾತಿನ ನಂಬಿಕೆ ಹೋದೀತೆಂಬ ಅಳುಕೇ ತನ್ನನ್ನು ಕಟ್ಟಿಹಾಕಿತ್ತು ಎಂಬರ್ಥದಲ್ಲಿ ಅವನು 2014ರಲ್ಲಿ ಮಾತಾಡಿದ. ತನ್ನ ದೇಶಕ್ಕೆ ಅಂಥ ಚಾಂಪಿಯನ್ ಬೇಕೋ ಬೇಡವೋ ಎಂಬ ಸಂದೇಹವೂ ಇತ್ತೆಂದ.

ದೇಶದ ಮಾತು ಬಂದದ್ದರಿಂದ ಒಂದು ಸಂಗತಿ. ಥೋರ್ಪ್ ಹುಟ್ಟಿದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಗಂಡಸರ ಸಲಿಂಗ ಸಂಬಂಧ ಅಪರಾಧವಲ್ಲವೆಂದಾದದ್ದು 1984ರಲ್ಲಿ, ಅವನು ತೊದಲು ನುಡಿಯುವ ಮಗುವಾಗಿದ್ದಾಗ. ಟಾಸ್ಮೇನಿಯದಲ್ಲಿ 1997ರವರೆಗೆ, ಎಂದರೆ ಅವನು ಪರ್ತ್‌ನಲ್ಲಿ ಗೆಲ್ಲುವ ಹಿಂದಿನ ವರ್ಷದವರೆಗೆ, ಅದು ಅಪರಾಧ. ಕಾನೂನು ಪುಸ್ತಕದಿಂದ ಹೊರಟುಹೋದ ವಿಷಯ ಬಾಯಿಯಿಂದ, ಕಣ್ಣಿನಿಂದ ಹೋಗಲು ಎಷ್ಟು ಕಾಲ ಬೇಕೆಂದು ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಜಾತಿಯ ವಿಷಯದಲ್ಲಿ ನಾವು ಅದನ್ನು ದಿನವೂ ಕಾಣುತ್ತೇವೆ.

ಇನ್ನೂ ಒಂದು ಇದೆ. 2007ರ ಮಾರ್ಚ್‌ನಲ್ಲಿ ಫ್ರಾನ್ಸಿನ 'ಲೆಕೀಪ್' ಪತ್ರಿಕೆ, ಥೋರ್ಪ್‌ನ ಹಿಂದಿನ ವರ್ಷದ ಒಂದು ಪರೀಕ್ಷೆಯಲ್ಲಿ ಅಸಹಜ ಅಂಶಗಳು ಕಂಡಿದ್ದವೆಂದು ಬರೆಯಿತು. ಮದ್ದು ಸೇವಿಸಿ ಗೆದ್ದವನೆಂಬ ಗುಮಾನಿ ಹಬ್ಬಿತು. ಆಸ್ಟ್ರೇಲಿಯದ ಮದ್ದುನಿರೋಧ ಸಂಸ್ಥೆ ವಿಚಾರಿಸಿ, ಅದೇ ವರ್ಷದ ಆಗಸ್ಟ್‌ನಲ್ಲಿ ಪ್ರಕರಣವನ್ನು ಮುಚ್ಚಿತು; ಅವನು ನಿರ್ದೋಷಿ. ಆ ತಿಂಗಳುಗಳಲ್ಲಿ ಅವನ ಬಳಿ ಇದ್ದ ಏಕೈಕ ಬಂಡವಾಳ ತನ್ನ ಮಾತು: ನಾನು ಮೋಸ ಮಾಡಿಲ್ಲ, ನನ್ನನ್ನು ನಂಬಿ. ಒಂದು ವಿಷಯದಲ್ಲಿ ನಂಬಿ ಎಂದು ಬೇಡಿಕೊಳ್ಳುತ್ತಿರುವವನು ಇನ್ನೊಂದು ವಿಷಯದಲ್ಲಿ ಸುಳ್ಳು ಹೇಳುತ್ತಿದ್ದೆನೆಂದು ಒಪ್ಪಿಕೊಳ್ಳುವುದು ಸಾಧ್ಯವೆ? ಇವೆರಡಕ್ಕೂ ಗಂಟು ಹಾಕುತ್ತಿರುವುದು ನನ್ನ ಊಹೆ. ಆದರೆ ಪುಸ್ತಕದ ಆ ಸುಳ್ಳನ್ನು ಬರಿಯ ಅಂಜುಬುರುಕುತನವೆನ್ನುವ ಮುನ್ನ ಈ ಊಹೆಗೂ ಸ್ವಲ್ಪ ಜಾಗ ಕೊಡಬೇಕೆಂದು ತೋರುತ್ತದೆ. ರಾಯರ ಲೆಡ್ಜರಿನ ನ್ಯಾಯವನ್ನೇ ಲೋಕವೂ ನಡೆಸುತ್ತದೆಂದು ಅವನಿಗೆ ಗೊತ್ತಿತ್ತು. ಒಂದು ನಮೂದು ಸುಳ್ಳೆಂದರೆ ಐದು ಚಿನ್ನವೂ ಸುಳ್ಳು.

ಹಾಗೆಂದು ಸುಳ್ಳನ್ನು ನಿಜ ಮಾಡಲು ನಾನು ಹೊರಟಿಲ್ಲ. ಆ ಸುಳ್ಳಿಗೆ ಬೆಲೆ ಇತ್ತು, ಮತ್ತು ಆ ಬೆಲೆಯನ್ನು ತೆತ್ತವರಲ್ಲಿ ಓದುಗರೂ ಇದ್ದರು. 2012ರಲ್ಲಿ ಆ ಪುಸ್ತಕವನ್ನು ಕದ್ದುಮುಚ್ಚಿ ಓದಿದ ಯಾವನೋ ಹದಿನೇಳರ ಹುಡುಗನನ್ನು ನೆನೆಯಿರಿ. ತನ್ನಂತೆಯೇ ಇರಬಹುದೆಂದು ಅವನು ಆಸೆಯಿಂದ ನಂಬಿದ್ದ ವೀರ, ಅಲ್ಲವೆಂದು ಕಡ್ಡಿ ಮುರಿದಂತೆ ಹೇಳುತ್ತಾನೆ. ಆ ಹುಡುಗನಿಗೆ ಇದು ಇನ್ನೊಂದು ಮುಚ್ಚಿದ ಬಾಗಿಲು. ಸಾಹಿತ್ಯದೃಷ್ಟಿಯಿಂದಲೂ ನಷ್ಟವಿದೆ. ಖಿನ್ನತೆಯ ಪುಟಗಳು ಎಷ್ಟೇ ತೀವ್ರವಾಗಿದ್ದರೂ ಅವುಗಳಲ್ಲಿ ಒಂದು ಟೊಳ್ಳು ಉಳಿಯುತ್ತದೆ. ನೋವು ಇದೆ, ನೋವಿನ ನೆಲೆ ಕಾಣುವುದಿಲ್ಲ. ಖಿನ್ನತೆಗೆಲ್ಲ ಬಚ್ಚಿಟ್ಟ ಆ ಒಂದೇ ಸಂಗತಿ ಕಾರಣವೆಂದು ಹೇಳಲು ನಾನು ವೈದ್ಯನಲ್ಲ. ಕಾರಣವಿಲ್ಲದೆಯೂ ಆ ರೋಗ ಬರುತ್ತದೆಂದು ಬಲ್ಲವರು ಹೇಳುತ್ತಾರೆ. ಆದರೆ ಬರೆಯುವವನು ಒಂದು ಕೋಣೆಗೆ ಬೀಗ ಹಾಕಿಕೊಂಡು ಮನೆಯನ್ನೆಲ್ಲ ತೋರಿಸುತ್ತಿದ್ದಾಗ, ಆ ಕೋಣೆಯ ಮುಂದೆ ಹಾಯುವಾಗಲೆಲ್ಲ ಅವನ ನಡಿಗೆ ಬಿರುಸಾಗುತ್ತದೆ. ಪುಸ್ತಕದಲ್ಲಿ ಸ್ನೇಹ, ಒಂಟಿತನ, ಮನೆಮಂದಿ ಇವುಗಳ ಮಾತು ಬಂದಲ್ಲೆಲ್ಲ ಈ ಅವಸರ ನನಗೆ ಕಂಡಿತು. ಇಲ್ಲಿಯೂ ಗೊತ್ತಾದ ಮೇಲೆ ಕಂಡದ್ದು ಎಂದರೆ ನನ್ನ ಬಳಿ ಜವಾಬಿಲ್ಲ.

ಹೋಲಿಕೆಗೆ ಅಮೆರಿಕದ ಗ್ರೆಗ್ ಲುಗಾನಿಸ್‌ನ 'ಬ್ರೇಕಿಂಗ್ ದಿ ಸರ್ಫೇಸ್' ಇದೆ. ಅವನು ಡೈವಿಂಗ್‌ನವನು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಹಲಗೆಗೆ ತಲೆ ಬಡಿದು ರಕ್ತ ಬಂದರೂ ಮತ್ತೆ ಹಾರಿ ಚಿನ್ನ ಗೆದ್ದವನು. 1994ರಲ್ಲಿ ತಾನು ಸಲಿಂಗಕಾಮಿಯೆಂದು ಸಾರ್ವಜನಿಕವಾಗಿ ಹೇಳಿ, 1995ರಲ್ಲಿ ಆತ್ಮಕಥೆ ಹೊರತಂದ. ಎಚ್‌ಐವಿ ಸೋಂಕಿರುವುದನ್ನೂ ಆಗಲೇ ತಿಳಿಸಿದ. ಎಂದರೆ ಮೊದಲು ಬಾಗಿಲು ತೆರೆದು ಆಮೇಲೆ ಬರೆದ. ಅಂಥ ಪುಸ್ತಕಕ್ಕೆ ಬೇರೆ ಸುಖವಿದೆ. ಓದುಗನಿಗೂ ಬರೆದವನಿಗೂ ನಡುವೆ ಪರದೆಯಿಲ್ಲ. ಥೋರ್ಪ್ ಬಾಗಿಲು ತೆರೆಯುವ ಮೊದಲೇ ಬರೆದ. ಎರಡರಲ್ಲಿ ಲುಗಾನಿಸ್‌ನದೇ ಒಳ್ಳೆಯ ಆತ್ಮಕಥೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಆದರೆ ಮುಚ್ಚಿಟ್ಟುಕೊಂಡು ಬದುಕುವುದು ಹೇಗಿರುತ್ತದೆ ಎಂಬುದಕ್ಕೆ, ಮುಚ್ಚಿಟ್ಟುಕೊಂಡಿರುವಾಗಲೇ ಬರೆದ ಸಾಕ್ಷ್ಯ ಬೇಕೆಂದರೆ ಥೋರ್ಪ್‌ನ ಪುಸ್ತಕಕ್ಕೇ ಬರಬೇಕು. ಜ್ವರ ಬಿಟ್ಟ ಮೇಲೆ ಜ್ವರದ ವಿಷಯ ಹೇಳುವವನ ಮಾತಿಗೂ ಜ್ವರದಲ್ಲಿ ಕನವರಿಸುವವನ ಮಾತಿಗೂ ಅಂತರವಿದೆ. ಎರಡನೆಯದರಲ್ಲಿ ಸುಳ್ಳೂ ಬೆರೆತಿರುತ್ತದೆ.

ಆ ವರ್ಷಗಳಲ್ಲಿ ಅವನದೊಂದು ದೂರಿತ್ತು: ತಾನು ಯಾರೆಂದು ತನಗೇ ತಿಳಿಯುವ ಮೊದಲು ಜನ ತನ್ನ ಮೇಲೆ ಆ ಹೆಸರನ್ನು ಆರೋಪದಂತೆ ಹೊರಿಸಿದರು ಎಂಬುದು. ನಿರಾಕರಣೆಯನ್ನು ಒಪ್ಪಿಸಲು ಆಡಿದ ಮಾತು ಅದು. ಈಗ ನೋಡಿದರೆ ಅದರ ಪಕ್ಕದಲ್ಲಿದ್ದ ನಿರಾಕರಣೆ ಬಿದ್ದುಹೋಗಿದೆ, ದೂರು ಮಾತ್ರ ಹಾಗೆಯೇ ನಿಂತಿದೆ. ತನ್ನ ವಿಷಯವನ್ನು ತಾನು ತಿಳಿದುಕೊಳ್ಳುವ ಹಕ್ಕು ಮೊದಲು ತನಗೆ, ಆಮೇಲೆ ಊರಿಗೆ. ಅದನ್ನು ಊರು ಕಸಿದುಕೊಂಡಿತು. ಸುಳ್ಳಿನೊಳಗೆ ಹುದುಗಿದ ಈ ನಿಜವನ್ನು ಗುರುತಿಸುವುದಕ್ಕೆ ನಮ್ಮ ಹಳೆಯ ಪ್ರಾಮಾಣಿಕತೆಯ ಒರೆಗಲ್ಲು ಸಾಲದು. ಆ ಕಲ್ಲು ಹೇಳುವವನ ಮೇಲೆ ಮಾತ್ರ ಹೊಣೆ ಹೊರಿಸುತ್ತದೆ. ಕೇಳಿದವರು ಯಾರು, ಯಾವ ಅಧಿಕಾರದಿಂದ ಕೇಳಿದರು, ನಿಜ ಹೇಳಿದ್ದರೆ ಅವನಿಗೆ ಏನಾಗುತ್ತಿತ್ತು ಎಂದು ವಿಚಾರಿಸುವುದಿಲ್ಲ. ನವ್ಯರಲ್ಲಿ ಅನೇಕರು ತಮ್ಮ ಕಾಮವನ್ನು ನಿರ್ಭಯವಾಗಿ ಬರೆದರೆಂದು ನಾವು ಕೊಂಡಾಡಿದೆವು. ಅವರಿಗೆ ಅದರಿಂದ ಹೋಗುವುದು ಹೆಚ್ಚೇನೂ ಇರಲಿಲ್ಲವೆಂಬುದನ್ನು ಆಗ ಯೋಚಿಸಿರಲಿಲ್ಲ.

ಹೆಸರಿನ ಬಗ್ಗೆ ಮಾತ್ರ ನನ್ನ ತಕರಾರು ಉಳಿದಿದೆ. ಕಾರಂತರು ತಮ್ಮ ಆತ್ಮಕಥೆಗೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದು ಹೆಸರಿಟ್ಟರು. ಹತ್ತು ಎಂದ ಮೇಲೆ ಹನ್ನೊಂದನೆಯದೂ ಇದ್ದೀತೆಂದು ಓದುಗ ತಾನೇ ಎಚ್ಚರವಾಗಿರುತ್ತಾನೆ. 'ಇದೇ ನಾನು' ಎಂಬ ಹೆಸರು ಪ್ರಕಾಶಕರಿಗೆ ಲಾಭದ್ದು, ಬರೆದವನಿಗೆ ಉರುಳು. ಇಪ್ಪತ್ತೊಂಬತ್ತು ಮೂವತ್ತರ ವಯಸ್ಸಿನಲ್ಲಿ ಯಾರು ತಾನೇ ಆ ಮಾತು ಹೇಳಿಯಾರು? 2014ರ ಮೊದಲ ತಿಂಗಳುಗಳಲ್ಲಿ ಅವನು ಮತ್ತೆ ಖಿನ್ನತೆಗೆ ಚಿಕಿತ್ಸೆ ಪಡೆಯಬೇಕಾಯಿತು, ಜುಲೈಯಲ್ಲಿ ಮಾತಾಡಿದ, 2017ರಲ್ಲಿ ಆಸ್ಟ್ರೇಲಿಯ ಸಲಿಂಗ ವಿವಾಹದ ಬಗ್ಗೆ ಜನಾಭಿಪ್ರಾಯ ಕೇಳಿದಾಗ ಬಹಿರಂಗವಾಗಿ ಪರವಾಗಿ ಪ್ರಚಾರ ಮಾಡಿದ. ನೂರಕ್ಕೆ 61.6 ಮಂದಿ ಹೌದೆಂದರು. ತನ್ನಂಥ ಚಾಂಪಿಯನ್ ದೇಶಕ್ಕೆ ಬೇಕೋ ಬೇಡವೋ ಎಂದು ಅಳುಕಿದ್ದವನು, ಅದೇ ದೇಶದ ಮುಂದೆ ನಿಂತು ಮತ ಕೇಳಿದ. ಇದಾವುದೂ ಪುಸ್ತಕದಲ್ಲಿಲ್ಲ.

ಹೋದ ಭಾನುವಾರ ಇಷ್ಟನ್ನೂ ರಾಯರಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಲೆಡ್ಜರಿನ ಮಾತನ್ನು ನನ್ನ ಮೇಲೇ ತಿರುಗಿಸಿದಿರಿ, ಇರಲಿ. ಆದರೆ ಲೆಡ್ಜರಿನ ವಿಷಯ ನಿಮಗೆ ಪೂರ್ತಿ ಗೊತ್ತಿಲ್ಲ" ಎಂದರು. "ತಪ್ಪು ನಮೂದು ಸಿಕ್ಕಿದರೆ ಪುಟ ಹರಿಯುವಂತಿಲ್ಲ, ಅಳಿಸುವಂತಿಲ್ಲ. ಹೊಡೆದದ್ದು ಓದಲು ಬರುವ ಹಾಗೆ ಅಡ್ಡಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ತಾರೀಖು ಹಾಕಿ ಸಹಿ ಮಾಡಬೇಕು. ರದ್ದಿಗೆ ಹಾಕಿದ್ದು ನನ್ನ ತಪ್ಪೇ."

ಗೋಂದಿನ ಶೀಶೆ ತರಿಸಿದರು. ಒಂದು ಚೀಟಿಯ ಮೇಲೆ ತಮ್ಮ ದುಂಡು ಅಕ್ಷರದಲ್ಲಿ '2014ರ ಜುಲೈ 13ರ ಸಂದರ್ಶನ ನೋಡಿ' ಎಂದು ಬರೆದು ಆ ಪುಟದ ಅಂಚಿಗೆ ಅಂಟಿಸಿದರು. ಪುಸ್ತಕವನ್ನು ಈಗ ಕ್ರೀಡೆಯ ಕಪಾಟಿನಲ್ಲಿಡಬೇಕೋ ಆತ್ಮಚರಿತ್ರೆಯ ಕಪಾಟಿನಲ್ಲಿಡಬೇಕೋ ಎಂಬ ಬಗ್ಗೆ ನಮ್ಮಿಬ್ಬರಿಗೆ ಇನ್ನೂ ಒಮ್ಮತವಾಗಿಲ್ಲ. ಸದ್ಯ ಅದು ಅವರ ಮೇಜಿನ ಮೇಲಿದೆ. ಬೇಕಾದವರು ಅಲ್ಲಿ ಕೇಳಿ ಪಡೆಯಬಹುದು.